ಅಡಾಪ್ಟೆಕ್ 2940ಯುಡಬ್ಲ್ಯು: ವೇಗ ತಗ್ಗಿಸಿದ ಮೇಲೆ ಒಲಿದ ಕಾರ್ಡು

ತುಮಕೂರಿನ ಬಿ.ಎಚ್. ರಸ್ತೆಗೆ ಹೊಂದಿಕೊಂಡ ಓಣಿಯಲ್ಲಿರುವ ನಮ್ಮ ಮುದ್ರಣಾಲಯದ ಹಳೆಯ ಲಗ್ನಪತ್ರಿಕೆ, ಜಾತ್ರೆಯ ಕರಪತ್ರಗಳ ವಿನ್ಯಾಸಗಳೆಲ್ಲ ಎರಡು ಸ್ಕಸಿ (ಹಲವು ಸಾಧನಗಳನ್ನು ಒಂದೇ ಕೇಬಲ್ಲಿಗೆ ಪೋಣಿಸುವ ಹಳೆಯ ಜೋಡಣೆ ಪದ್ಧತಿ) ಡಿಸ್ಕುಗಳಲ್ಲಿ ಉಳಿದುಹೋಗಿದ್ದವು. ಅವನ್ನು ಹೊರತೆಗೆಯಲೆಂದು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸೆಕೆಂಡ್ ಹ್ಯಾಂಡ್ ಆಗಿ ತಂದ, ಅಂಥ ಡಿಸ್ಕುಗಳನ್ನು ಕಂಪ್ಯೂಟರಿಗೆ ಜೋಡಿಸುವ ಈ ಕಾರ್ಡನ್ನು ಮೂರು ವಾರ ಬಳಸಿದ ಮೇಲೆ ಬರೆಯುತ್ತಿದ್ದೇನೆ.

ಹಳೆಯ ಕಂಪ್ಯೂಟರುಗಳ ಮದರ್‌ಬೋರ್ಡಿನಲ್ಲಿರುವ ಪಿಸಿಐ ಸ್ಲಾಟಿನಲ್ಲಿ ಕೂರುವ ಕಾರ್ಡಿದು. ವಿಂಡೋಸ್ ಎಕ್ಸ್‌ಪಿಯಲ್ಲಿ ಡ್ರೈವರ್ ಮೊದಲೇ ಇರುವುದರಿಂದ ಅಳವಡಿಕೆಗೆ ತೊಂದರೆಯಾಗಲಿಲ್ಲ. ಗರಿಷ್ಠ ವೇಗ ಸೆಕೆಂಡಿಗೆ 40 ಎಂಬಿ ಎಂದಿದ್ದರೂ ಅದು ಒಂದೇ ಸಲ 16 ಬಿಟ್ ಸಾಗಿಸುವ, 68 ಪಿನ್ನಿನ ವೈಡ್ ಡಿಸ್ಕುಗಳಿಗೆ ಮಾತ್ರ. 50 ಪಿನ್ನಿನವು 20ಕ್ಕೇ ನಿಲ್ಲುತ್ತವೆ.

ಮೊದಲ ದಿನ 40ರಲ್ಲೇ ಬಿಟ್ಟಿದ್ದೆ. ಕಾಪಿ ನಡುವೆಯೇ ನಿಂತುಬಿಡುತ್ತಿತ್ತು, ಬಂದ ಕಡತಗಳಲ್ಲೂ ಕೆಲವು ತೆರೆಯುತ್ತಿರಲಿಲ್ಲ. ಡಿಸ್ಕೇ ಕೆಟ್ಟಿತೆಂದು ಎದೆ ಧಸಕ್ಕೆಂದಿತು. ಆದರೆ ತಪ್ಪು ನನ್ನದು: ಎರಡು ಡಿಸ್ಕು, ಒಂದು ಸಿಡಿ ಡ್ರೈವ್, ಒಂದು ಟೇಪ್ ಡ್ರೈವ್, ಕಾರ್ಡೂ ಸೇರಿ ಐದು ಸಾಧನಗಳನ್ನು ಎರಡು ಮೀಟರ್ ಕೇಬಲ್ಲಿಗೆ ಪೋಣಿಸಿದ್ದೆ. ಅಲ್ಟ್ರಾ ಎನ್ನುವ ಈ ಪೂರ್ಣ ವೇಗದಲ್ಲಿ ನಾಲ್ಕಕ್ಕಿಂತ ಹೆಚ್ಚು ಸಾಧನಗಳಿದ್ದರೆ ಕೇಬಲ್ 1.5 ಮೀಟರ್ ದಾಟಬಾರದು. ವೇಗವನ್ನು ಅರ್ಧಕ್ಕೆ ಇಳಿಸಿದರೆ 3 ಮೀಟರಿನವರೆಗೂ ನಡೆಯುತ್ತದೆ.

ಯಂತ್ರ ಶುರುವಾಗುವಾಗ ಕಂಟ್ರೋಲ್ ಮತ್ತು ಎ ಒಟ್ಟಿಗೆ ಒತ್ತಿದರೆ ಸ್ಕಸಿಸೆಲೆಕ್ಟ್ ಎಂಬ ನೀಲಿ ಪರದೆ ಬರುತ್ತದೆ. ಅದರಲ್ಲಿ 0ಯಿಂದ 15ರವರೆಗಿನ ಪ್ರತಿ ಐಡಿಗೂ, ಅಂದರೆ ಸಾಧನದ ಗುರುತಿನ ಸಂಖ್ಯೆಗೂ, ಗರಿಷ್ಠ ವೇಗವನ್ನು ಬೇರೆಬೇರೆಯಾಗಿ ಗೊತ್ತುಮಾಡಬಹುದು (7 ಸಾಮಾನ್ಯವಾಗಿ ಕಾರ್ಡಿನದೇ). ಈ ಕಾರ್ಡಿಗೆ ನಾನು ಮನಸೋತದ್ದು ಈ ಅನುಕೂಲಕ್ಕೇ. ಎರಡೂ ಡಿಸ್ಕುಗಳನ್ನು 20ಕ್ಕೆ ಇಳಿಸಿ ಉಳಿದವನ್ನು ಮುಟ್ಟದೆ ಬಿಟ್ಟೆ. ಆ ಸಂಜೆಯೇ ಎಲ್ಲ ಕಡತಗಳೂ ಒಂದೂ ತಪ್ಪಿಲ್ಲದೆ ಬಂದವು. ಕಾಪಿಗೆ ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ, ಏಕೆಂದರೆ ನಮ್ಮ ಹಳೆಯ ಡಿಸ್ಕುಗಳ ತಟ್ಟೆಯಿಂದ ಓದುವ ವೇಗವೇ 20ನ್ನು ಮುಟ್ಟುವುದಿಲ್ಲ.

ಪಿಸಿಐ ಸ್ಲಾಟಿರುವ ಹಳೆಯ ಯಂತ್ರವೊಂದು ಮನೆಯಲ್ಲಿದ್ದವರು ಧೈರ್ಯವಾಗಿ ಕೊಳ್ಳಬಹುದು. ಆದರೆ ಅದೇ ನೀಲಿ ಪರದೆಯ ಡಿಸ್ಕ್ ಯುಟಿಲಿಟಿಯಲ್ಲಿ, ಡಿಸ್ಕನ್ನು ಪರೀಕ್ಷಿಸುವ ‘ವೆರಿಫೈ’ ಸಾಲಿಗೆ ಅಂಟಿಕೊಂಡೇ ಎಲ್ಲವನ್ನೂ ಅಳಿಸುವ ‘ಫಾರ್ಮ್ಯಾಟ್’ ಸಾಲಿದೆ. ಅಲ್ಲಿ ಎಂಟರ್ ಒತ್ತುವ ಮೊದಲು ಓದಿದ್ದನ್ನು ಇನ್ನೊಮ್ಮೆ ಓದಿರಿ.