ಕಂಪನಿಗೆಲ್ಲ ಒಂದೇ ಎಐ ಸಹಾಯಕನಾ, ಸೈಟಿಗೊಬ್ಬನಾ, ನಾವೇ ಕಟ್ಟಿಕೊಳ್ಳೋದಾ? ಮೂರನ್ನೂ ಓಡಿಸಿ ನೋಡಿದೆ

'ನೋಟಿಸ್ ಪೀರಿಯಡ್ ಎಷ್ಟು ದಿನ?' ಮೂರು ಸಹಾಯಕರಿಗೂ ಒಂದೇ ದಿನ, ಒಂದೇ ಲಾಗಿನ್‌ನಿಂದ, ಒಂದಕ್ಷರ ಬದಲಾಯಿಸದೆ ಇದನ್ನು ಕೇಳಿದೆ. ಮೊದಲನೆಯದು 60 ದಿನ ಅಂದಿತು. ಎರಡನೆಯದು 90 ಅಂದಿತು. ಮೂರನೆಯದು ಎರಡನ್ನೂ ಹೇಳಿ, ಖಚಿತಪಡಿಸಿಕೊಳ್ಳಲು ಎಚ್‌ಆರ್ ವಿಭಾಗವನ್ನು ಕೇಳಿ ಅಂತ ಕೈ ತೊಳೆದುಕೊಂಡಿತು.

ತಮಾಷೆ ಏನೆಂದರೆ ಮೂರರಲ್ಲಿ ಯಾವುದೂ ಕತೆ ಕಟ್ಟಿರಲಿಲ್ಲ. 60 ದಿನ ಅನ್ನುವ ಹಳೇ ಪಿಡಿಎಫ್, ಕಂಪನಿಯೊಳಗಿನವರಷ್ಟೇ ನೋಡುವ ನಮ್ಮ ಇಂಟ್ರಾನೆಟ್‌ನಲ್ಲೇ ಇತ್ತು, ಎಂದೋ ಮುಗಿದುಹೋದ ಪ್ರಾಜೆಕ್ಟ್ ಒಂದರ ಸೈಟಿನಲ್ಲಿ. ಯಾರೋ ಸುಮ್ನೆ ಒಂದು ಕಾಪಿ ಹಾಕಿಟ್ಟು ಹೋಗಿದ್ದರು. 90 ದಿನದ ಹೊಸ ಪಾಲಿಸಿ ಎಚ್‌ಆರ್ ಸೈಟಿನಲ್ಲಿತ್ತು. ಎರಡರ ಹೆಸರೂ ಒಂದೇ, ಹಳೆಯದಕ್ಕೆ ಮಾತ್ರ ಕೊನೆಯಲ್ಲಿ 'ಫೈನಲ್' ಅಂತ ಬೇರೆ ಇತ್ತು.

ನಾನು ಕಂಪನಿಯ ಇಂಟ್ರಾನೆಟ್ ನೋಡಿಕೊಳ್ಳುವವನು. ನಮ್ಮದು ಶೇರ್‌ಪಾಯಿಂಟ್, ಅಂದರೆ ಪ್ರತಿ ವಿಭಾಗ, ಪ್ರಾಜೆಕ್ಟ್ ತನ್ನ ಪುಟ, ಫೈಲುಗಳನ್ನು ಒಂದೊಂದು ಸೈಟು ಮಾಡಿ ಇಟ್ಟುಕೊಳ್ಳುವ ಮೈಕ್ರೋಸಾಫ್ಟ್ ವ್ಯವಸ್ಥೆ. ಒಟ್ಟು ಸುಮಾರು 70 ಸೈಟುಗಳು. ಅದರಲ್ಲಿ ಎಷ್ಟೋ ಸೈಟುಗಳ ಮಾಲೀಕರು ಕೆಲಸ ಬಿಟ್ಟು ವರ್ಷಗಳಾಗಿವೆ. ಮೇಲಿನವರು 'ಎಐ ಸಹಾಯಕ ಬೇಕು' ಅಂದಾಗ ಮೂರು ದಾರಿ ಕಾಣಿಸಿದವು. ಎಲ್ಲ ಸೈಟುಗಳ ಮೇಲೂ ಒಂದೇ ಮೈಕ್ರೋಸಾಫ್ಟ್ 365 ಕೋಪೈಲಟ್ ಬಿಡೋದು. ಇಲ್ಲವೇ ಸೈಟಿಗೊಂದು ಶೇರ್‌ಪಾಯಿಂಟ್ ಏಜೆಂಟ್ ಮಾಡೋದು. ಇಲ್ಲವೇ ಓಪನ್ ಸೋರ್ಸ್ (ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದಾದ) ಎಐ ಮಾಡೆಲ್ ತಂದು ನಮ್ಮ ಸರ್ವರ್‌ನಲ್ಲೇ ಕಟ್ಟಿಕೊಳ್ಳೋದು. ಮೂರನ್ನೂ ನೋಡಿಯೇ ಬಿಡೋಣ ಅಂತ 40 ಪ್ರಶ್ನೆ ಬರೆದಿಟ್ಟುಕೊಂಡೆ. ರಜೆ, ಪ್ರಯಾಣ ಭತ್ಯೆ, ಲ್ಯಾಪ್‌ಟಾಪ್ ಬದಲಾವಣೆ, ಯಾವ ಫಾರ್ಮ್ ಯಾರಿಗೆ ಕೊಡಬೇಕು, ಹೀಗೆ ಜನ ನಿಜವಾಗಿ ಕೇಳುವಂಥವು. ಶೀಟಿನಲ್ಲಿ ಮೂರು ಕಾಲಂ: ಉತ್ತರ ಸರಿಯಾ, ಯಾವ ಫೈಲ್ ತೋರಿಸಿತು, ಆ ಫೈಲ್ ನೋಡುವ ಹಕ್ಕು ಕೇಳಿದವರಿಗೆ ಇರಬೇಕಿತ್ತಾ.

ಒಂದು ವಾರ ಹಾಳು ಮಾಡಿದ್ದನ್ನೂ ಹೇಳಿಬಿಡುತ್ತೇನೆ. ಶುರುವಿನಲ್ಲಿ ಎಲ್ಲವನ್ನೂ ನನ್ನ ಲಾಗಿನ್‌ನಿಂದಲೇ ಕೇಳಿದೆ. ನನಗೆ ಹೆಚ್ಚುಕಡಿಮೆ ಎಲ್ಲ ಸೈಟಿಗೂ ಪರ್ಮಿಷನ್ ಇದೆ. ಹಾಗಾಗಿ ಮೂರನೇ ಕಾಲಂನಲ್ಲಿ ಎಲ್ಲದಕ್ಕೂ 'ಹೌದು' ಅಂತ ಬಂತು, ನಾನೂ ಖುಷಿಪಟ್ಟೆ. ಆಮೇಲೆ ಹೊಸದಾಗಿ ಸೇರಿದ ಟ್ರೈನಿಗೆ ಏನೇನು ಕಾಣುತ್ತದೋ ಅಷ್ಟೇ ಕಾಣುವ ಟೆಸ್ಟ್ ಖಾತೆ ಮಾಡಿಸಿ ಮತ್ತೆ ಮೊದಲಿಂದ ಕೇಳಿದೆ. ಚಿತ್ರವೇ ಬೇರೆ ಆಯಿತು. ಅಡ್ಮಿನ್ ಲಾಗಿನ್‌ನಿಂದ ಇಂಥ ಪರೀಕ್ಷೆ ಮಾಡೋದು ಅಂದರೆ ಮನೆಯೊಳಗೆ ಕೂತುಕೊಂಡು ಬಾಗಿಲಿಗೆ ಬೀಗ ಇದೆಯಾ ಅಂತ ನೋಡಿದ ಹಾಗೆ.

ಮೊದಲು ದೊಡ್ಡದರ ಕಥೆ. ಕೋಪೈಲಟ್ ದೊಡ್ಡ ಕಂಪನಿಗಳಿಗೆ ಸಿಕ್ಕಿದ್ದು 2023ರ ನವೆಂಬರ್‌ನಲ್ಲಿ. ಅದರ ಅನುಕೂಲ ನಿಜವಾಗಿಯೂ ದೊಡ್ಡದು. ನಾವು ಏನೂ ಕಟ್ಟಬೇಕಿಲ್ಲ. ಲೈಸೆನ್ಸ್ ಕೊಟ್ಟರೆ ಸೈಟು, ಮೇಲ್, ಚಾಟ್ ಎಲ್ಲದರಿಂದಲೂ ಹುಡುಕಿ ಉತ್ತರ ಕೊಡುತ್ತದೆ. ಎರಡು ಮೂರು ವಿಭಾಗಕ್ಕೆ ಸೇರಿದ ಪ್ರಶ್ನೆಗಳಲ್ಲಿ ಇದೇ ಗೆದ್ದಿತು. 'ಹೊರಗಿನ ವೆಂಡರ್‌ಗೆ ಲ್ಯಾಪ್‌ಟಾಪ್ ಕೊಡಬೇಕಾದರೆ ಯಾರ ಯಾರ ಒಪ್ಪಿಗೆ ಬೇಕು' ಅಂತ ಕೇಳಿದರೆ ಖರೀದಿ, ಐಟಿ, ಭದ್ರತೆ ಮೂರೂ ಸೈಟಿನಿಂದ ಎತ್ತಿ ಜೋಡಿಸಿ ಹೇಳಿತು. ಉಳಿದ ಎರಡಕ್ಕೂ ಅದು ಆಗಲಿಲ್ಲ.

ಆದರೆ ಅದಕ್ಕೆ ಕಾಣೋದು ಕೇಳಿದವರಿಗೆ ಕಾಣೋದೇ. ಒಂದು ಫೈಲ್ ನೋಡಲು ನನಗೆ ಪರ್ಮಿಷನ್ ಇದ್ದರೆ ಅದನ್ನು ಓದಿ ಉತ್ತರ ಕೊಡುತ್ತದೆ, ಇಲ್ಲದಿದ್ದರೆ ಇಲ್ಲ. ಕೇಳಲು ಸರಿಯಾಗಿಯೇ ಇದೆ, ಅಲ್ವಾ? ತೊಂದರೆ ಇರೋದು ನಾವು ಕೊಟ್ಟ ಪರ್ಮಿಷನ್‌ಗಳಲ್ಲಿ. ಶೇರ್‌ಪಾಯಿಂಟ್‌ನಲ್ಲಿ 'ಎವ್ರಿವನ್ ಎಕ್ಸೆಪ್ಟ್ ಎಕ್ಸ್‌ಟರ್ನಲ್ ಯೂಸರ್ಸ್' ಅನ್ನುವ ಒಂದು ಗುಂಪಿದೆ. ಹೊರಗಿನವರನ್ನು ಬಿಟ್ಟು ಕಂಪನಿಯವರೆಲ್ಲರೂ ಅದರೊಳಗೆ. ಯಾರನ್ನು ಸೇರಿಸಬೇಕು ಅಂತ ತಲೆ ಕೆಡಿಸಿಕೊಳ್ಳಲು ಪುರುಸೊತ್ತಿಲ್ಲದವರು ಇದನ್ನು ಸೇರಿಸಿ ಕೈಬಿಡುತ್ತಾರೆ. ಮೊದಲು ಅದರಿಂದ ಏನೂ ಆಗುತ್ತಿರಲಿಲ್ಲ, ಯಾಕೆಂದರೆ 70 ಸೈಟು, ಅದರೊಳಗಿನ ಫೋಲ್ಡರ್, ಅದರೊಳಗಿನ ಫೈಲ್ ತನಕ ಯಾರೂ ಹೋಗಿ ಕೆದಕುತ್ತಿರಲಿಲ್ಲ. ಎಐ ಕೆದಕುತ್ತದೆ. ಅದರ ಕೆಲಸವೇ ಅದು.

ಟ್ರೈನಿ ಖಾತೆಯಿಂದ 'ಈ ವರ್ಷದ ಇನ್‌ಕ್ರಿಮೆಂಟ್ ಹೇಗೆ ಲೆಕ್ಕ ಹಾಕುತ್ತಾರೆ' ಅಂತ ಕೇಳಿದೆ. ಪಾಲಿಸಿ ಪುಟ ಬರುತ್ತದೆ ಅಂದುಕೊಂಡಿದ್ದೆ. ಅದರ ಜೊತೆಗೆ ಒಂದು ಎಕ್ಸೆಲ್ ಶೀಟಿನ ಕೊಂಡಿಯೂ ಬಂತು. ತೆರೆದರೆ ಒಂದಿಡೀ ತಂಡದ ಹೆಸರು, ಈಗಿನ ಸಂಬಳ, ಮುಂದಿನ ಸಂಬಳ. ನನಗೆ ಬೆವರು ಬಂತು. ಯಾರೋ ಮ್ಯಾನೇಜರ್ ಅದನ್ನು ಎಲ್ಲರಿಗೂ ತೆರೆದಿದ್ದ ಸೈಟಿನಲ್ಲಿ ಇಟ್ಟಿದ್ದರು, ಯಾರಿಗೂ ಗೊತ್ತಾಗದ ಹಾಗೆ ನಾಲ್ಕು ಫೋಲ್ಡರ್ ಒಳಗೆ. ಮೀಟಿಂಗ್‌ನಲ್ಲಿ ಇದನ್ನು ತೋರಿಸಿದಾಗ ಮೊದಲು ಬಂದ ಮಾತು 'ಹಾಗಾದರೆ ಎಐ ನಿಲ್ಲಿಸಿ'. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಎಐ ನಿಲ್ಲಿಸಿದರೂ ಆ ಶೀಟು ಅಲ್ಲೇ ತೆರೆದೇ ಇರುತ್ತಿತ್ತು.

ಇದಕ್ಕೆ ಅಡ್ಡಗಟ್ಟೆಗಳಿವೆ. 'ರಿಸ್ಟ್ರಿಕ್ಟೆಡ್ ಶೇರ್‌ಪಾಯಿಂಟ್ ಸರ್ಚ್' ಆನ್ ಮಾಡಿದರೆ ನಾವು ಪಟ್ಟಿ ಮಾಡಿ ಕೊಟ್ಟ ಸೈಟುಗಳು ಮಾತ್ರ ಕಂಪನಿ ಮಟ್ಟದ ಹುಡುಕಾಟಕ್ಕೆ ಸಿಗುತ್ತವೆ. ಪಟ್ಟಿಯಲ್ಲಿ 100 ಸೈಟಿನ ತನಕ ಹಾಕಬಹುದು. ಆದರೆ ಜನ ತಾವೇ ಇತ್ತೀಚೆಗೆ ತೆರೆದ ಫೈಲು, ಅವರಿಗೆ ನೇರವಾಗಿ ಕಳಿಸಿದ ಫೈಲು ಆಗಲೂ ಸಿಗುತ್ತದೆ. ಮೈಕ್ರೋಸಾಫ್ಟ್ ಕೂಡ ಇದನ್ನು ತಾತ್ಕಾಲಿಕ ಏರ್ಪಾಡು ಅಂತಲೇ ಹೇಳುತ್ತದೆ. ಇನ್ನೊಂದು 'ರಿಸ್ಟ್ರಿಕ್ಟೆಡ್ ಕಂಟೆಂಟ್ ಡಿಸ್ಕವರಿ'. ಇದು ತಿರುಗಾ ಮುರುಗಾ, ಬೇಡವಾದ ಸೈಟುಗಳನ್ನು ಒಂದೊಂದಾಗಿ ಮರೆ ಮಾಡೋದು. ಎರಡೂ ಪರ್ಮಿಷನ್ ಬದಲಾಯಿಸುವುದಿಲ್ಲ, ಇದನ್ನು ಮಾತ್ರ ಮರೆಯಬೇಡಿ. ಪರ್ಮಿಷನ್ ಇದ್ದು ಲಿಂಕ್ ಗೊತ್ತಿದ್ದವರು ಆಗಲೂ ತೆರೆಯಬಹುದು. ನಾನು ಎರಡನೆಯದನ್ನು ಬಳಸಿದೆ, ಎಚ್‌ಆರ್ ಮತ್ತು ಹಣಕಾಸಿನ ಒಳಸೈಟುಗಳಿಗೆ. ಅಷ್ಟರಲ್ಲಿ ಪರ್ಮಿಷನ್ ರಿಪೋರ್ಟ್ ತೆಗೆದು ಆ ಎಲ್ಲರ ಗುಂಪನ್ನು ಒಂದೊಂದು ಸೈಟಿನಿಂದ ಕಿತ್ತು ಹಾಕಲು ಸಮಯ ಸಿಕ್ಕಿತು.

ಈಗ ಸೈಟಿಗೊಂದು ಏಜೆಂಟ್. ನನಗೆ ಜಾಸ್ತಿ ಇಷ್ಟವಾಗಿದ್ದು ಇದೇ, ಆಮೇಲೆ ಜಾಸ್ತಿ ಕಾಡಿದ್ದೂ ಇದೇ.

ಶೇರ್‌ಪಾಯಿಂಟ್ ಏಜೆಂಟ್‌ಗಳು 2024ರ ನವೆಂಬರ್‌ನಿಂದ ಎಲ್ಲರಿಗೂ ಸಿಗುತ್ತಿವೆ. ಪ್ರತಿ ಸೈಟಿಗೂ ಒಂದು ತಯಾರಾಗಿಯೇ ಬರುತ್ತದೆ, ಆ ಸೈಟಿನ ವಿಷಯವಷ್ಟೇ ಅದರ ಲೋಕ. ಬೇಕಿದ್ದರೆ ಕೆಲವೇ ಫೈಲ್ ಅಥವಾ ಫೋಲ್ಡರ್ ಆರಿಸಿ ನಮ್ಮದೇ ಒಂದನ್ನು ಮಾಡಬಹುದು. ಮಾಡಿದ್ದು ಕೊನೆಗೆ ಲೈಬ್ರರಿಯಲ್ಲಿ 'ಡಾಟ್ ಏಜೆಂಟ್' ಅನ್ನುವ ಒಂದು ಫೈಲ್ ಆಗಿ ಕೂರುತ್ತದೆ. ವರ್ಡ್ ಫೈಲಿನ ಹಾಗೆಯೇ ಅದನ್ನು ಕಾಪಿ ಮಾಡಬಹುದು, ಶೇರ್ ಮಾಡಬಹುದು, ಅಳಿಸಬಹುದು. ಶೇರ್ ಮಾಡಿದರೂ ಒಳಗಿನ ಫೈಲ್ ನೋಡುವ ಹಕ್ಕು ಇದ್ದವರಿಗೆ ಮಾತ್ರ ಅದರಿಂದ ಉತ್ತರ.

ಎಚ್‌ಆರ್ ಸೈಟಿನ ಏಜೆಂಟೇ 90 ದಿನ ಅಂತ ಸರಿಯಾಗಿ ಹೇಳಿದ್ದು. ಜಾಣತನದಿಂದ ಅಲ್ಲ, ಹಳೇ ಪಿಡಿಎಫ್ ಅದರ ಕಣ್ಣಿಗೇ ಬೀಳಲಿಲ್ಲ, ಅಷ್ಟೇ. 40ರಲ್ಲಿ ಒಂದೇ ವಿಭಾಗಕ್ಕೆ ಸೇರಿದ ಪ್ರಶ್ನೆಗಳನ್ನು ಮಾತ್ರ ತೆಗೆದುಕೊಂಡರೆ ಇದರ ಹತ್ತಿರಕ್ಕೆ ಯಾವುದೂ ಬರಲಿಲ್ಲ. ಇದಕ್ಕೂ ಮುಖ್ಯವಾದ ಒಂದು ಲಾಭ ನಾನು ಎಣಿಸಿರಲಿಲ್ಲ. ಉತ್ತರ ತಪ್ಪಾದಾಗ ಯಾರನ್ನು ಕೇಳಬೇಕು ಅಂತ ಗೊತ್ತಿರುತ್ತದೆ. ದೊಡ್ಡ ಸಹಾಯಕ ತಪ್ಪಿದರೆ ಎಲ್ಲರೂ ಐಟಿಯವರ ಕಡೆ ನೋಡುತ್ತಾರೆ. ಎಚ್‌ಆರ್ ಏಜೆಂಟ್ ತಪ್ಪಿದರೆ ಎಚ್‌ಆರ್‌ನವರೇ ಓಡಿಬಂದು ಪುಟ ತಿದ್ದುತ್ತಾರೆ, ಯಾಕೆಂದರೆ ಅದರ ಹೆಸರಿನ ಮುಂದೆ ಅವರ ವಿಭಾಗದ ಹೆಸರಿದೆ. ಮರ್ಯಾದೆ ಪ್ರಶ್ನೆ ನೋಡಿ.

ಕಾಡಿದ್ದು ಏನು ಅಂದರೆ, ಮಾಡೋದು ಬಹಳ ಸುಲಭ. ನಾಲ್ಕು ಕ್ಲಿಕ್ ಸಾಕು. ಎರಡೇ ತಿಂಗಳಲ್ಲಿ ಮಳೆಗಾಲದ ಅಣಬೆ ಎದ್ದ ಹಾಗೆ ಏಜೆಂಟ್‌ಗಳು ಎದ್ದವು. 'ಟ್ರಾವೆಲ್ ಹೆಲ್ಪರ್', 'ಟ್ರಾವೆಲ್ ಹೆಲ್ಪರ್ ಹೊಸದು', 'ಟ್ರಾವೆಲ್ ಟೆಸ್ಟ್ ಮುಟ್ಟಬೇಡಿ'. ಕೊನೆಯದನ್ನೇ ಜನ ಜಾಸ್ತಿ ಬಳಸುತ್ತಿದ್ದರು! ಮಾಡಿದವರು ಬೇರೆ ತಂಡಕ್ಕೆ ಹೋಗಿದ್ದರು, ಅದು ನೋಡುತ್ತಿದ್ದ ಫೋಲ್ಡರ್‌ಗೆ ಹೊಸ ಫೈಲ್ ಬರೋದು ನಿಂತಿತ್ತು, ಏಜೆಂಟ್ ಮಾತ್ರ ಅದೇ ಧೈರ್ಯದಿಂದ ಹಳೇ ಭತ್ಯೆ ದರವನ್ನೇ ಹೇಳುತ್ತಾ ಕೂತಿತ್ತು. ಸೈಟಿನ ಮಾಲೀಕರು ಒಂದು ಏಜೆಂಟ್‌ಗೆ ಒಪ್ಪಿಗೆಯ ಮುದ್ರೆ ಹಾಕಬಹುದು, ಅದನ್ನೇ ಸೈಟಿನ ಮುಖ್ಯ ಏಜೆಂಟ್ ಮಾಡಬಹುದು, ಆ ಸೌಲಭ್ಯ ಇದೆ. ಆದರೆ ಮಾಲೀಕರೇ ಇಲ್ಲದ ಸೈಟಿನಲ್ಲಿ ಮುದ್ರೆ ಒತ್ತುವವರು ಯಾರು?

ಮೂರನೆಯದು, ನಾವೇ ಕಟ್ಟಿದ್ದು. ನಮ್ಮ ಡೆವಲಪರ್‌ಗಳಿಗೆ ಇದರ ಮೇಲೆ ಪ್ರೀತಿ. ಸೈಟಿನಿಂದ ಫೈಲ್‌ಗಳನ್ನು ಎಳೆದು, ತುಂಡು ತುಂಡು ಮಾಡಿ, ಅರ್ಥದ ಹೋಲಿಕೆ ನೋಡಿ ಹುಡುಕಿಕೊಡುವ ವೆಕ್ಟರ್ ಡೇಟಾಬೇಸ್‌ನಲ್ಲಿ ಹಾಕಿ, ಪ್ರಶ್ನೆಗೆ ಹತ್ತಿರದ ತುಂಡುಗಳನ್ನು ಮಾಡೆಲ್‌ಗೆ ಕೊಟ್ಟು ಉತ್ತರ ಬರೆಸೋದು. 2020ರ ಒಂದು ಸಂಶೋಧನಾ ಲೇಖನದಿಂದ ಇದಕ್ಕೆ 'ರ್‍ಯಾಗ್' (ರಿಟ್ರೀವಲ್ ಆಗ್ಮೆಂಟೆಡ್ ಜನರೇಷನ್) ಅನ್ನುವ ಹೆಸರು ನಿಂತಿದೆ. ಮೊದಲ ಡೆಮೊ ಬೇಗ ತಯಾರಾಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಆಮೇಲೆ ಒಂದೊಂದೇ ಹೊರಗೆ ಬಂತು. ಫೈಲ್ ಎಳೆದವನು ಎಲ್ಲ ಹಕ್ಕೂ ಇರುವ ಸರ್ವಿಸ್ ಖಾತೆ (ಪ್ರೋಗ್ರಾಂಗೆಂದೇ ಮಾಡಿದ ಲಾಗಿನ್). ಹಾಗಾಗಿ ಡೇಟಾಬೇಸ್‌ಗೆ ಯಾರು ಏನು ನೋಡಬಹುದು ಅಂತ ಗೊತ್ತೇ ಇಲ್ಲ. ಪ್ರತಿ ತುಂಡಿನ ಜೊತೆ ಪರ್ಮಿಷನ್ ಪಟ್ಟಿಯನ್ನೂ ಇಟ್ಟು, ಸೈಟಿನಲ್ಲಿ ಅದು ಬದಲಾದಾಗ ಇಲ್ಲೂ ಬದಲಾಯಿಸಬೇಕು. ಅರ್ಧ ಸಮಯ ಇದೇ ನುಂಗಿತು. ಅಳಿಸಿದ ಫೈಲಿನದು ಇನ್ನೊಂದು ಪಾಡು: ಸೈಟಿನಲ್ಲಿ ಒಂದು ಸುತ್ತೋಲೆ ಅಳಿಸಿದರೂ ನಮ್ಮ ಡೇಟಾಬೇಸ್‌ನಲ್ಲಿ ಅದರ ತುಂಡುಗಳು ಹಾಗೇ ಉಳಿದಿದ್ದವು, ಹಾಗಾಗಿ ಸತ್ತ ಸುತ್ತೋಲೆ ಎದ್ದು ಬಂದು ಉತ್ತರ ಕೊಡುತ್ತಿತ್ತು. ಟೇಬಲ್‌ಗಳನ್ನು ತುಂಡು ಮಾಡುವಾಗ ತಲೆಬರಹ ಒಂದು ತುಂಡಿಗೆ, ಅಂಕಿ ಇನ್ನೊಂದಕ್ಕೆ. ಭತ್ಯೆ ಪ್ರಶ್ನೆಗಳಲ್ಲಿ ಸೋತಿದ್ದು ಇಲ್ಲೇ. ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳ ಮಾತು ಬಿಡಿ.

ಆದರೂ ಇದನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ದಾಖಲೆ ಹೊರಗಿನ ಕ್ಲೌಡ್‌ಗೆ ಹೋಗಲೇಬಾರದು ಅನ್ನುವ ಜಾಗಗಳಲ್ಲಿ ಬೇರೆ ದಾರಿ ಕಡಿಮೆ. ಯಾವ ತುಂಡು ಯಾಕೆ ಆಯ್ಕೆಯಾಯಿತು ಅಂತ ಒಳಗೆ ಇಳಿದು ನೋಡಲು ಆಗಿದ್ದೂ ಇದರಲ್ಲಿ ಮಾತ್ರ. ನೋಟಿಸ್ ಪೀರಿಯಡ್‌ಗೆ ಎರಡು ಫೈಲ್ ಇರುವ ಗುಟ್ಟು ಮೊದಲು ಬಯಲಾಗಿದ್ದೇ ಇದರ ಲಾಗ್‌ನಿಂದ.

ಕಾನ್‌ಫ್ಲುಯೆನ್ಸ್ (ಶೇರ್‌ಪಾಯಿಂಟ್‌ನಂಥದ್ದೇ ಇನ್ನೊಂದು ವ್ಯವಸ್ಥೆ) ಬಳಸುವವರು ಕೇಳಬಹುದು, ನಮಗೆ ಅದರದೇ ಎಐ ಸಹಾಯಕ ರೋವೊ ಇದೆಯಲ್ಲ ಅಂತ. ಅದನ್ನು ನಾನು ಓಡಿಸಿಲ್ಲ, ಹಾಗಾಗಿ ಅಂಕ ಕೊಡುವುದಿಲ್ಲ. ಪರ್ಮಿಷನ್ ಮತ್ತು ಹಳೇ ಪುಟಗಳ ಗೋಳು ಮಾತ್ರ ಅಲ್ಲೂ ಇದ್ದೇ ಇರುತ್ತದೆ.

ಭದ್ರತೆಯ ಒಂದು ವಿಷಯ ಮೂರಕ್ಕೂ ಅನ್ವಯ. ಎಐ ಓದುವ ದಾಖಲೆಯೊಳಗೇ ಯಾರಾದರೂ ಆಜ್ಞೆ ಅಡಗಿಸಿಟ್ಟರೆ ಅದು ಪಾಲಿಸಿಬಿಡುವ ಅಪಾಯ ಇದೆ. 2025ರ ಜೂನ್‌ನಲ್ಲಿ ಬಹಿರಂಗವಾದ 'ಎಕೋಲೀಕ್' ಅನ್ನುವ ಕೋಪೈಲಟ್ ದೋಷ ಇಂಥದ್ದೇ. ಬಳಕೆದಾರರು ಏನನ್ನೂ ಕ್ಲಿಕ್ ಮಾಡದೆ, ಬರೀ ಒಂದು ಮೇಲ್ ಮೂಲಕ ಒಳಗಿನ ಮಾಹಿತಿ ಹೊರಗೆ ಹೋಗುವ ದಾರಿ ಅದರಲ್ಲಿತ್ತು. ಮೈಕ್ರೋಸಾಫ್ಟ್ ಅದನ್ನು ಸರಿಪಡಿಸಿತು. ಅದನ್ನು ಓದಿದ ಮೇಲೆ ನಾನು ಹೊರಗಿನವರು ಫೈಲ್ ಹಾಕಬಹುದಾದ ಸೈಟುಗಳನ್ನು ಏಜೆಂಟ್‌ಗಳಿಂದ ದೂರ ಇಟ್ಟೆ.

ಕೊನೆಗೆ ನಾವು ಉಳಿಸಿಕೊಂಡಿದ್ದು ಸೈಟಿಗೊಂದು ಏಜೆಂಟ್, ಅದೂ ಎಲ್ಲ ಸೈಟಿಗಲ್ಲ. ಮಾಲೀಕರು ಇರುವ, ಅವರು ಹೆಸರು ಹಾಕಿ ಒಪ್ಪಿಕೊಂಡ ಒಂಬತ್ತು ಸೈಟಿಗೆ ಮಾತ್ರ. ಒಂದು ಸೈಟಿಗೆ ಒಪ್ಪಿಗೆ ಪಡೆದ ಏಜೆಂಟ್ ಒಂದೇ. ಎಲ್ಲ ಏಜೆಂಟ್‌ಗಳ ಪಟ್ಟಿ ಒಂದು ಕಡೆ: ಹೆಸರು, ಮಾಲೀಕರು, ಯಾವ ಫೋಲ್ಡರ್ ಓದುತ್ತದೆ, ಮತ್ತೆ ಯಾವಾಗ ಪರಿಶೀಲಿಸಬೇಕು. ತಾರೀಖು ದಾಟಿ ಎರಡು ವಾರ ಆದರೂ ಯಾರೂ ಮುಟ್ಟದಿದ್ದರೆ ನಾನೇ ತೆಗೆದುಹಾಕುತ್ತೇನೆ, ಬೈಗುಳ ತಿನ್ನುತ್ತೇನೆ. ಕೋಪೈಲಟ್ ಲೈಸೆನ್ಸ್ ಹಲವು ವಿಭಾಗಗಳ ಜೊತೆ ಕೆಲಸ ಮಾಡುವ ಕೆಲವರಿಗಷ್ಟೇ. ನಾವೇ ಕಟ್ಟಿದ್ದು ಒಂದು ಸರ್ವರ್‌ನಲ್ಲಿ ಉಳಿದಿದೆ, ಒಂದೇ ವಿಷಯಕ್ಕೆ ಎರಡು ಫೈಲ್ ಎಲ್ಲೆಲ್ಲಿವೆ ಅಂತ ಹುಡುಕೋದಕ್ಕೆ. ಡೆವಲಪರ್‌ಗಳಿಗೆ ಇದರಿಂದ ಸ್ವಲ್ಪ ಬೇಜಾರಿದೆ.

ಆ 40 ಪ್ರಶ್ನೆಗಳನ್ನು ಈಗಲೂ ತಿಂಗಳಿಗೊಮ್ಮೆ ಟ್ರೈನಿ ಖಾತೆಯಿಂದ ಕೇಳುತ್ತೇನೆ. ಹೋದ ತಿಂಗಳು ನೋಟಿಸ್ ಪೀರಿಯಡ್‌ಗೆ ಎಚ್‌ಆರ್ ಏಜೆಂಟೂ ಕೋಪೈಲಟ್ಟೂ 90 ಅಂದವು. 60 ದಿನದ ಆ 'ಫೈನಲ್' ಪಿಡಿಎಫ್ ಈಗ ಇಲ್ಲ. ಹುಡುಕುವಾಗ ಅದರದ್ದೇ ಇನ್ನೂ ಒಂದು ಕಾಪಿ ಸಿಕ್ಕಿತು, ನನ್ನದೇ ಹಳೇ ಟೆಸ್ಟ್ ಸೈಟಿನಲ್ಲಿ.