ಆರು ವರ್ಷ ಫ್ಲಾಸ್ಕ್ ಬಳಸಿದ ಮೇಲೆ: ಎರರ್ ಪುಟದ ಖುಷಿ, ಅಪ್‌ಡೇಟ್‌ನ ಕಾಟ

ಫ್ಲಾಸ್ಕ್ ಎಷ್ಟು ಚಿಕ್ಕದು, ಎಷ್ಟು ಸುಲಭ ಅಂತ ಎಲ್ಲರೂ ಬರೆದಿದ್ದಾರೆ, ಅದನ್ನು ಬಿಡೋಣ. 2010ರಲ್ಲಿ ಏಪ್ರಿಲ್ ಫೂಲ್ ತಮಾಷೆಗೆ ಹುಟ್ಟಿದ, ವೆಬ್ ಅಪ್ಲಿಕೇಶನ್ ಕಟ್ಟಲು ಬಳಸುವ ಈ ಪೈಥಾನ್ ಫ್ರೇಮ್‌ವರ್ಕ್ ಆರು ವರ್ಷದಿಂದ ನನ್ನ ದಿನದ ಕೆಲಸ. ನಾನು ಬರೆಯುವುದು ಹತ್ತಿಪ್ಪತ್ತು ಜನ ಬಳಸುವ ಸಣ್ಣ ಅಪ್ಲಿಕೇಶನ್‌ಗಳು. ಸರ್ವರ್ ಕೂಡ ಇರುವುದರಲ್ಲಿ ಅಗ್ಗದ್ದು, ಮೆಮೊರಿ ಕಮ್ಮಿ. ಅದರಲ್ಲಿ ಇದು ಆರಾಮಾಗಿ ಓಡುತ್ತದೆ.

ನನ್ನನ್ನು ಕಟ್ಟಿಹಾಕಿದ್ದು ಇದರ ಡಿಬಗ್ಗರ್, ಅಂದರೆ ಕೋಡ್‌ನ ತಪ್ಪು ಹುಡುಕಿಕೊಡುವ ಸಾಧನ. ಬೆಳಿಗ್ಗೆ ಟರ್ಮಿನಲ್ ತೆರೆದು ಡಿಬಗ್ ಆನ್ ಮಾಡಿ ಓಡಿಸುತ್ತೇನೆ. ಫೈಲ್ ಸೇವ್ ಮಾಡಿದಾಗೆಲ್ಲ ಅದೇ ಮತ್ತೆ ಶುರುವಾಗುತ್ತದೆ. ಕೋಡ್ ಎಲ್ಲಾದರೂ ಮುಗ್ಗರಿಸಿದರೆ ಬ್ರೌಸರ್‌ನಲ್ಲೇ ಇಡೀ ಟ್ರೇಸ್‌ಬ್ಯಾಕ್, ಅಂದರೆ ಯಾವ ಯಾವ ಸಾಲು ದಾಟಿ ಎರರ್ ಬಂತು ಅನ್ನುವ ಪಟ್ಟಿ. ಯಾವ ಸಾಲಿನ ಮೇಲೆ ಮೌಸ್ ಇಟ್ಟರೂ ಬಲಗಡೆ ಪುಟ್ಟ ಟರ್ಮಿನಲ್ ಚಿತ್ರ ಮೂಡುತ್ತದೆ. ಒತ್ತಿದರೆ ಪಿನ್ ಕೇಳುತ್ತದೆ. ಒಂಬತ್ತು ಅಂಕಿ, ಟರ್ಮಿನಲ್‌ನಲ್ಲೇ ಇರುತ್ತದೆ, ನನಗಂತೂ ಬಾಯಿಪಾಠವಾಗಿದೆ. ಕೊಟ್ಟರೆ ಆ ಸಾಲಿನಲ್ಲೇ ಕೋಡ್ ಟೈಪ್ ಮಾಡಿ ನೋಡಲು ಪೈಥಾನ್ ಪ್ರಾಂಪ್ಟ್! ಒಮ್ಮೆ ಕಣ್ಣಿಗೆ ಸರಿಯಾಗಿಯೇ ಕಾಣುತ್ತಿದ್ದ ದಿನಾಂಕವೊಂದು ಎರರ್ ಕೊಡುತ್ತಿತ್ತು. ವೇರಿಯಬಲ್ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದೆ. ದಿನಾಂಕದ ಹಿಂದೆ ಒಂದು ಸ್ಪೇಸ್ ಅಂಟಿಕೊಂಡಿತ್ತು. ಎರಡು ನಿಮಿಷದ ಕೆಲಸ. (ಲೈವ್ ಸರ್ವರ್‌ನಲ್ಲಿ ಮಾತ್ರ ಡಿಬಗ್ ಆನ್ ಇಡಬೇಡಿ. ಹೊರಗಿನವರು ನಿಮ್ಮ ಮೆಷಿನ್‌ನಲ್ಲಿ ಕೋಡ್ ಓಡಿಸಲು ಬಾಗಿಲು ತೆರೆದಿಟ್ಟ ಹಾಗೆ.)

ಇಷ್ಟು ಹೊಗಳಿ ಆಯ್ತು. ಇನ್ನು ಬೈಗುಳ.

2023ರ ಅಕ್ಟೋಬರ್‌ನಲ್ಲಿ ಹಳೇ ಅಪ್ಲಿಕೇಶನ್ ಒಂದನ್ನು ಹೊಸ ಸರ್ವರ್‌ಗೆ ಹಾಕಿದೆ. ಕೋಡ್‌ನಲ್ಲಿ ಒಂದಕ್ಷರ ಮುಟ್ಟಿರಲಿಲ್ಲ. ಆದರೂ ಇಂಪೋರ್ಟ್ ಎರರ್, ಏಳಲೇ ಇಲ್ಲ. ಆಗಿದ್ದೇನೆಂದರೆ, ಫ್ಲಾಸ್ಕ್ ನಿಂತಿರುವುದೇ ವರ್ಕ್‌ಜೊಯ್ಗ್ ಅನ್ನುವ ಇನ್ನೊಂದು ಲೈಬ್ರರಿಯ ಮೇಲೆ. ಬೇಕಾದ ಪ್ಯಾಕೇಜ್‌ಗಳ ಪಟ್ಟಿಯಲ್ಲಿ ನಾನು ಫ್ಲಾಸ್ಕ್ 2.2 ಅಂತ ಬರೆದಿಟ್ಟಿದ್ದೆ, ವರ್ಕ್‌ಜೊಯ್ಗ್ ಬಗ್ಗೆ ಏನೂ ಬರೆದಿರಲಿಲ್ಲ. ಸೆಪ್ಟೆಂಬರ್ ಕೊನೆಯಲ್ಲಿ ಅದರ 3.0 ಬಂದಿತ್ತು, ಹಳೇ ಫಂಕ್ಷನ್‌ಗಳು ಕೆಲವು ಹೋಗಿದ್ದವು. ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಪಿಪ್ ಹೊಸದನ್ನೇ ಎಳೆದುಕೊಂಡು ಬಂತು. ತಪ್ಪು ನನ್ನದೂ ಹೌದು. ಸರಿ, ಫ್ಲಾಸ್ಕನ್ನೂ 3.0ಗೆ ಏರಿಸೋಣ ಅಂದರೆ ಲಾಗಿನ್‌ಗೆ ಹಾಕಿದ್ದ ಎಕ್ಸ್‌ಟೆನ್ಶನ್ (ಬೇರೆಯವರು ಬರೆದ ಜೋಡಣೆ) ಕೈಕೊಟ್ಟಿತು. ಅದಕ್ಕೂ ಹಳೇ ಫಂಕ್ಷನ್ನೇ ಬೇಕಿತ್ತು. ಒಂದು ಇಡೀ ಭಾನುವಾರ ಹೋಯಿತು.

ಬೇಕಾದ್ದನ್ನು ಮಾತ್ರ ಜೋಡಿಸಿಕೊಳ್ಳಿ ಅನ್ನುವ ಫ್ಲಾಸ್ಕ್ ನೀತಿಯ ಇನ್ನೊಂದು ಮುಖ ಇದೇ ಅಲ್ವಾ? ಫಾರ್ಮ್‌ಗೆ ಒಬ್ಬರದ್ದು, ಲಾಗಿನ್‌ಗೆ ಇನ್ನೊಬ್ಬರದ್ದು, ಡೇಟಾಬೇಸ್‌ಗೆ ಮತ್ತೊಬ್ಬರದ್ದು. ಎಲ್ಲರೂ ಒಂದೇ ದಿನ ಅಪ್‌ಡೇಟ್ ಮಾಡುವುದಿಲ್ಲ.

ಆಮೇಲೆ ಎಲ್ಲ ಪ್ಯಾಕೇಜ್‌ಗಳ ಆವೃತ್ತಿಯನ್ನೂ ಫೈಲ್‌ನಲ್ಲಿ ಬರೆದಿಟ್ಟೆ. ಲಾಗಿನ್ ಎಕ್ಸ್‌ಟೆನ್ಶನ್ ಕಿತ್ತು ಹಾಕಿ, ಫ್ಲಾಸ್ಕ್‌ನ ಸೆಷನ್ (ಯಾರು ಲಾಗಿನ್ ಆಗಿದ್ದಾರೆ ಅಂತ ನೆನಪಿಡಲು ಬಳಸುವ ಸೌಲಭ್ಯ) ಬಳಸಿ ನಾನೇ ಸುಮಾರು ನಲವತ್ತು ಸಾಲು ಬರೆದುಕೊಂಡೆ. ಅಲ್ಲಿಂದೀಚೆಗೆ ತಂಟೆ ಇಲ್ಲ.

ಹೋದ ತಿಂಗಳು ಗೆಳೆಯನೊಬ್ಬ ಲಾಗಿನ್, ಆಡ್ಮಿನ್ ಪುಟ ಎಲ್ಲ ರೆಡಿ ಬೇಕು ಅಂದ. ಸುಮ್ನೆ ಜಾಂಗೋ ತಗೋ ಅಂದೆ, ಅದೆಲ್ಲ ಒಳಗೇ ಇರುವ ಇನ್ನೊಂದು ಪೈಥಾನ್ ಫ್ರೇಮ್‌ವರ್ಕ್ ಅದು. ಅದೇ ಸಂಜೆ ನನ್ನ ಹೊಸ ಕೆಲಸವನ್ನು ಫ್ಲಾಸ್ಕ್‌ನಲ್ಲೇ ಶುರು ಮಾಡಿದೆ.