ಮೂತಿ 220ರದು, ಬೆನ್ನು 190ರದು: ಮರ್ಸಿಡಿಸ್ 219ರ ಜೊತೆ ಎಂಟು ವರ್ಷ

ಈ ಕಾರಿಗೆ ಯಾವ ಬಿಡಿಭಾಗ ತರಿಸಬೇಕಾದರೂ ಮೊದಲು ಒಂದು ಪ್ರಶ್ನೆ ಬಗೆಹರಿಯಬೇಕು: ಇದು ಮುಂಗಾಜಿನಿಂದ ಆಚೆಯದೋ ಈಚೆಯದೋ? ಆಚೆಯದಾದರೆ ಸಾಮಾನ್ಯವಾಗಿ 220ರ ಪಟ್ಟಿ, ಈಚೆಯದಾದರೆ 190ರ ಪಟ್ಟಿ. ಮರ್ಸಿಡಿಸ್ ಬೆಂಜ್ 219 ಹುಟ್ಟಿದ್ದೇ ಹಾಗೆ. ನಾಲ್ಕು ಸಿಲಿಂಡರಿನ ಮರ್ಸಿಡಿಸ್ 190ರ ಮೈಗೆ ದೊಡ್ಡಣ್ಣ 220ರ ಉದ್ದ ಮೂತಿ ಜೋಡಿಸಿ, ಅದರೊಳಗೆ 2,195 ಸಿಸಿಯ ಆರು ಸಿಲಿಂಡರ್ ಎಂಜಿನ್ ಕೂರಿಸಿದರು. 1956ರಿಂದ 1959ರವರೆಗೆ ಮಾತ್ರ ತಯಾರಾಯಿತು. ನನ್ನದು 1958ರದು. ಸ್ಟುಟ್‌ಗಾರ್ಟ್ ಪಕ್ಕದ ಊರಿನಲ್ಲಿದ್ದುಕೊಂಡು ಎಂಟು ವರ್ಷದಿಂದ ಓಡಿಸುತ್ತಿದ್ದೇನೆ.

ಎಂಜಿನ್ ಬಗ್ಗೆ ನನ್ನ ದೂರೇನೂ ಇಲ್ಲ. 220ರ ಬಳಗದ 220 ಎಸ್‌ಗೆ ಎರಡು ಕಾರ್ಬ್ಯುರೇಟರ್, ಇದಕ್ಕೆ ಒಂದೇ. ಶಕ್ತಿ 90 ಅಶ್ವಬಲ. ಎರಡನ್ನು ಸರಿದೂಗಿಸುವ ತಲೆನೋವಿಗಿಂತ ಒಂದನ್ನು ಶುಚಿಯಾಗಿಡುವುದು ಸುಲಭ. ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ಆರಿಹೋಯಿತೇನೋ ಎಂಬ ಅನುಮಾನ ಬರುವಷ್ಟು ಸದ್ದಿಲ್ಲ. ನೂರು ಕಿಲೋಮೀಟರಿಗೆ ಹನ್ನೆರಡು ಹದಿಮೂರು ಲೀಟರ್ ಪೆಟ್ರೋಲ್ ಕುಡಿಯುತ್ತದೆ, ಅಷ್ಟೇ.

ಗೇರು ಸ್ಟೀರಿಂಗ್ ಕಂಬದ ಮೇಲಿದೆ. ಹಾರ್ನಿನ ಬಳೆಯನ್ನು ಎಡಕ್ಕೋ ಬಲಕ್ಕೋ ತಿರುಗಿಸಿದರೆ ಇಂಡಿಕೇಟರ್ ಹೊತ್ತಿಕೊಳ್ಳುತ್ತದೆ. ಮೊದಲ ತಿಂಗಳು ತಿರುವು ಬಂದಾಗಲೆಲ್ಲ ಎದುರಿನವರಿಗೆ ಹಾರ್ನ್ ಹೊಡೆದು ಬೈಸಿಕೊಂಡಿದ್ದೇನೆ.

ಕೊರತೆ ಇರುವುದು ಹಿಂದಿನ ಸೀಟಿನಲ್ಲಿ. ಗಾಲಿಗಳ ನಡುವಿನ ಅಂತರ 190ರಲ್ಲಿ 2,650 ಮಿಲಿಮೀಟರ್, ಇದರಲ್ಲಿ 2,750, 220 ಎಸ್‌ನಲ್ಲಿ 2,820. ಹೆಚ್ಚಿಗೆ ಸಿಕ್ಕ ನೂರೂ ಬಾನೆಟ್ಟಿನ ಪಾಲು; ಕೂರುವವರಿಗೆ ಏನೂ ದಕ್ಕಿಲ್ಲ. ಮೈಸೂರಿನಿಂದ ಬಂದಿದ್ದ ಅಮ್ಮ ಹಿಂದೆ ಕೂತು, ಮೊಣಕಾಲು ಸರಿಪಡಿಸಿಕೊಳ್ಳುತ್ತಾ, "ಮುಂದೆ ಮದುವೆಮನೆ ಚಪ್ಪರ, ಒಳಗೆ ಬಾಡಿಗೆ ಮನೆ ಕೋಣೆ ಕಣಪ್ಪ" ಎಂದರು. 220 ಎಸ್‌ಗಿಂತ ಕಡಿಮೆಯಿರುವ ಆ 70 ಮಿಲಿಮೀಟರ್ ನನಗೂ ಪೆಟ್ಟು ಕೊಟ್ಟಿದೆ. ಅಂಗಡಿಯವನೊಬ್ಬ "ಎಲ್ಲ ಒಂದೇ" ಎಂದು 220ರ ಹಿಂಬಾಗಿಲ ರಬ್ಬರ್ ಕಳಿಸಿದ್ದ. ಮೂರು ಬದಿ ಅಂಟಿಸಿ ಮುಗಿಸುವ ಹೊತ್ತಿಗೆ ತುದಿ ಹಾವಿನಂತೆ ಹೊರಗೆ ನೇತಾಡುತ್ತಿತ್ತು. ಕತ್ತರಿಸಿ ಕೂರಿಸಿದೆ, ಮೊದಲ ಮಳೆಗೇ ನೀರು ಒಳಗೆ ಬಂತು.

ಮಳೆ ಎಂದ ಮೇಲೆ ಹಿಂದಿನ ಸ್ವಿಂಗ್ ಆಕ್ಸಲ್ ವಿಷಯ, ಅಂದರೆ ನಡುವಿನ ಕೀಲಿನಿಂದ ಮೇಲೆ ಕೆಳಗೆ ತೂಗುವ ಹಿಂಗಾಲಿಗಳ ಅಚ್ಚಿನ ವಿಷಯ, ಹೇಳಲೇಬೇಕು. ಶ್ವೇಬಿಯನ್ ಆಲ್ಪ್ ಬೆಟ್ಟದ ಒದ್ದೆ ತಿರುವೊಂದರಲ್ಲಿ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟೆ, ಕಾರಿನ ಹಿಂಭಾಗ ಮುಂದೆ ಬರಲು ಹೊರಟಿತು. ತಿರುವಿಗೆ ಮೊದಲೇ ವೇಗ ಇಳಿಸಿಕೊಂಡು, ಒಳಗೆ ಹೋದ ಮೇಲೆ ಕಾಲನ್ನು ಅಲ್ಲಾಡಿಸಬಾರದು. ನಾಲ್ಕೂ ಗಾಲಿಗೆ ಡ್ರಮ್ ಬ್ರೇಕ್. ಇಳಿಜಾರಿನಲ್ಲಿ ಮೂರನೆಯ ಗೇರೇ ಗತಿ.

ಮೂವತ್ತು ವರ್ಷ ದಾಟಿದ ವಾಹನಗಳಿಗೆ ಇಲ್ಲಿ ಸಿಗುವ 'ಎಚ್' ಫಲಕ ಇರುವುದರಿಂದ ವರ್ಷದ ತೆರಿಗೆ 191 ಯೂರೋ. ಖರ್ಚೆಲ್ಲ ಕೀಲುಗಳ ಗ್ರೀಸಿಗೆ, ಕಾರೆತ್ತಲು ಜಾಕ್ ಕೊಡುವ ಜಾಗದ ತುಕ್ಕಿಗೆ. ಕೊಳ್ಳುವವರು ಕ್ರೋಮ್ ನೋಡಿ ಮರುಳಾಗದೆ ಕೆಳಗೆ ಮಲಗಿ ಟಾರ್ಚ್ ಬಿಡಿ. ಹಿಂಬಾಗಿಲ ರಬ್ಬರ್ ಬೇಕಾದರೆ, ನೆನಪಿರಲಿ, 190ರದು.